ಹಸಿರಿನ ಕೆಳಗಿನ ಹಳದಿ

ಸೋಮವಾರ ಬೆಳಿಗ್ಗೆ ಮೊದಲ ಫೋನು ನನ್ನ ಗಂಡ ಎಮೆಟ್‌ಗೆ ಬಂತು. ಶನಿವಾರ ಅವನನ್ನು ಮಣ್ಣು ಮಾಡಿದ್ದೆವು. ಭಾನುವಾರ ಮನೆ ತುಂಬ ಜನ. ಸೋಮವಾರ ಯಾರೂ ಇರಲಿಲ್ಲ.

"ಎಮೆಟ್ ಸ್ಟ್ಯಾಂಪರ್ ಅವರು ಇದ್ದಾರಾ?" ಒಂದು ಹೆಣ್ಣು ದನಿ.

"ಇಲ್ಲ."

"ಎಷ್ಟೊತ್ತಿಗೆ ಸಿಗ್ತಾರೆ ಮೇಡಂ?"

"ಹೊರಗೆ ಹೋಗಿದ್ದಾರೆ" ಎಂದೆ. ಅವನಿಗೆ ಕಾಯಿಲೆ ಶುರುವಾದಾಗಿನಿಂದ ಈ ಫೋನುಗಳಿಗೆ ಅದನ್ನೇ ಹೇಳಿ ರೂಢಿಯಾಗಿತ್ತು. ಆಮೇಲೆ ತಿದ್ದಿದೆ. "ತೀರಿಕೊಂಡರು."

ಆಕೆ ಓದಿ ಹೇಳಿದಂತೆ ಸಂತಾಪ ಹೇಳಿದಳು. ಆಸ್ಪತ್ರೆಯ ಬಾಕಿಯ ಬಗ್ಗೆ ಇನ್ನು ಯಾರ ಹತ್ತಿರ ಮಾತಾಡಬೇಕು ಎಂದು ಕೇಳಿದಳು.

"ನನ್ನ ಹತ್ತಿರವೇ" ಎಂದೆ. ಆಸ್ಪತ್ರೆಯ ಪ್ರತಿ ಕಾಗದದಲ್ಲೂ ಅವನ ಸಹಿಯ ಕೆಳಗೆ ನನ್ನದಿತ್ತು.

ಅಡುಗೆಮನೆಯ ಕಟ್ಟೆಯ ಮೇಲೆ ಊರವರ ಪಾತ್ರೆಗಳು. ಕೋಳಿ ಮತ್ತು ಚೀಸ್ ಹಾಕಿ ಬೇಯಿಸಿದ ಅನ್ನ, ಆಲೂಗಡ್ಡೆ, ಹಂದಿ ಮಾಂಸ, ಮತ್ತೆ ಆಲೂಗಡ್ಡೆ. ಪ್ರತಿ ಪಾತ್ರೆಯ ತಳದಲ್ಲೂ ಟೇಪು ಅಂಟಿಸಿ ಹೆಸರು ಬರೆದಿದ್ದರು. ಸಾವಿನ ಮನೆಗೆ ಊಟ ತಂದವರು ಪಾತ್ರೆ ವಾಪಸು ಕೇಳುವುದಿಲ್ಲ. ಮನೆಯವರೇ ತೊಳೆದು ತಲುಪಿಸಬೇಕು. ಒಂದೇ ಒಂದು ಪಾತ್ರೆಗೆ ಹೆಸರಿರಲಿಲ್ಲ. ಬೇಯಿಸಿದ ಬೀನ್ಸ್ ತುಂಬಿದ್ದ ಕಬ್ಬಿಣದ ಪಾತ್ರೆ. ಅದರ ತಳಕ್ಕೆ ಹೆಬ್ಬೆಟ್ಟಿನಗಲ ಹಳದಿ ಬಣ್ಣ ಬಳಿದಿತ್ತು.

ಹರ್ಷೆಲ್ ಮಾವ. ಹೆಂಡತಿ ಸತ್ತ ಮೇಲೆ ಕಣಿವೆಯ ಮೇಲ್ತುದಿಯಲ್ಲಿ ಒಬ್ಬರೇ ಇರುವವರು. ರಕ್ತಸಂಬಂಧವಿಲ್ಲ, ಆದರೆ ಎಲ್ಲರಿಗೂ ಮಾವ.

ನಮ್ಮ ಕಣಿವೆಯ ಗಂಡಸರಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಗಣಿಯೊಳಗೆ ಎಲ್ಲರ ಸಲಿಕೆಯೂ ಒಂದೇ ಥರ ಕಾಣುವುದರಿಂದ ಹಿಡಿಗೆ ಬಣ್ಣ ಬಳಿದು ಗುರುತು ಮಾಡುವುದು ಶುರುವಾಯಿತಂತೆ. ಗಣಿ ಮುಚ್ಚಿತು, ಬಣ್ಣ ಉಳಿಯಿತು. ಗರಗಸ, ಏಣಿ, ಬೇಲಿಯ ಗೇಟು, ಎಲ್ಲಕ್ಕೂ. ಅಪ್ಪನ ಬಣ್ಣ ಮಗನಿಗೆ. ಸ್ಟ್ಯಾಂಪರ್ ಮನೆಯದು ಹಸಿರು. ಹರ್ಷೆಲ್ ಮಾವನದು ಹಳದಿ.

ಪಾತ್ರೆಯಿಂದಲೇ ಚಮಚ ಹಾಕಿ ಬೀನ್ಸ್ ತಿಂದೆ. ಭಾನುವಾರದಿಂದ ಬಾಯಿಗೆ ಸೇರಿದ್ದು ಅದೊಂದೇ.

ಮಧ್ಯಾಹ್ನ ವಕೀಲೆಯ ಹತ್ತಿರ ಹೋದೆ. ಮಿಸ್ ಪ್ರೂಯಿಟ್‌ಗೆ ಅರವತ್ತರ ಮೇಲಾಗಿದೆ. ಮುಚ್ಚಿಹೋದ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ. ಮೇಜಿನ ಮೇಲೆ ಬಿಸ್ಕತ್ತಿನ ಪೊಟ್ಟಣ ಒಡೆದಿಟ್ಟುಕೊಂಡೇ ಮಾತಾಡಿದರು.

"ಮನೆ ಹರಾಜು ಯಾವತ್ತು?"

"ಈ ಶುಕ್ರವಾರ. ಕೋರ್ಟಿನ ಮೆಟ್ಟಿಲ ಮೇಲೆ."

"ಅಷ್ಟರೊಳಗೆ ನಿಮ್ಮ ದಿವಾಳಿ ಅರ್ಜಿ ದಾಖಲಾದ್ರೆ ಹರಾಜು ನಿಲ್ಲುತ್ತೆ. ಮನೆ ಉಳಿಸ್ಕೊಳ್ಳೋಕೆ ದಾರಿ ಹುಡುಕಬಹುದು. ದಾಖಲಾಗದಿದ್ರೆ ನಿಲ್ಲಲ್ಲ. ಮಧ್ಯದ್ದು ಅಂತ ಏನೂ ಇಲ್ಲ." ಬಿಸ್ಕತ್ತು ಮುರಿದರು. "ಕೆಲಸ?"

"ಕಾಲೇಜಲ್ಲಿ ರಸಾಯನಶಾಸ್ತ್ರದ ಲ್ಯಾಬು ನೋಡ್ಕೋತೀನಿ. ಅರ್ಧ ದಿನದ್ದು. ಸಂಬಳದಲ್ಲಿ ಕಾಲು ಭಾಗ ಹಿಡೀತೀವಿ ಅಂತ ಆಸ್ಪತ್ರೆ ಕಡೆಯವರ ನೋಟೀಸು ಬಂದಿದೆ."

"ಅದೂ ನಿಲ್ಲುತ್ತೆ. ಆದ್ರೆ ನನ್ನ ಫೀಸು ಮೊದಲೇ ಬೇಕು. ಕೆಟ್ಟವಳು ಅಂದ್ಕೋಬೇಡಿ. ಆಮೇಲೆ ಕೊಡಿ ಅಂದ್ರೆ ನಿಮಗೆ ಸಾಲ ಕೊಟ್ಟವರ ಹಿಂದೆ ನಾನೂ ಹೋಗಿ ನಿಂತ್ಕೋಬೇಕಾಗುತ್ತೆ."

"ದಿವಾಳಿ ಆಗೋಕೂ ದುಡ್ಡು ಬೇಕು ಹಾಗಾದ್ರೆ."

"ಇಲ್ಲಿ ಕೂತವರೆಲ್ಲ ಇದೇ ಜೋಕು ಹೇಳಿ ನಗ್ತಾರೆ. ನೀವು ನಗಲಿಲ್ಲ." ಕಾಗದಗಳ ಕಟ್ಟನ್ನು ನನ್ನ ಕಡೆ ತಳ್ಳಿದರು. "ಅಡ ಇಡದ್ದು ಏನಾದ್ರೂ ಇದೆಯಾ, ಮಾರೋಕೆ? ಸರಿಯಾದ ಬೆಲೆಗೆ ಮಾರಿ ಫೀಸು ಕಟ್ಟೋದು ತಪ್ಪಲ್ಲ."

ಕೊಟ್ಟಿಗೆಯಲ್ಲಿ ನಿಂತಿದ್ದ ವೆಲ್ಡಿಂಗ್ ಮಷೀನು ಕಣ್ಣ ಮುಂದೆ ಬಂತು. ಎರಡು ಚಕ್ರದ ಟ್ರೇಲರ್ ಮೇಲೆ ಕೂತ ದೊಡ್ಡ ಮಷೀನು. ಅದನ್ನು ಮಾರಿದರೆ ಫೀಸು ಹುಟ್ಟುತ್ತಿತ್ತು. ಆದರೆ ಅದು ನಮ್ಮದಲ್ಲ. ಗಣಿ ಮುಚ್ಚಿ ಎಮೆಟ್‌ಗೆ ಕೆಲಸ ಹೋದಾಗ ಹರ್ಷೆಲ್ ಮಾವ ಎರವಲು ಕೊಟ್ಟಿದ್ದು. ಅನಿಲದ ಪೈಪು ಹಾಕುವ ಕಂಪನಿಗೆ ಸ್ವಂತ ಮಷೀನಿರುವ ವೆಲ್ಡರ್ ಮಾತ್ರ ಬೇಕಿತ್ತು. ಎಮೆಟ್ ಅದಕ್ಕೆ ಹಸಿರು ಬಳಿದುಕೊಂಡು ಹೋದ. ಒಂದು ಚಳಿಗಾಲ ದುಡಿದು, ವಸಂತಕ್ಕೆ ಹಳದಿ ಬಳಿದು ವಾಪಸು ಕೊಡುತ್ತೇನೆ ಅಂದಿದ್ದ. ವಸಂತದಲ್ಲಿ ಅವನ ರಕ್ತದ ವರದಿ ಬಂತು.

ಇದು ಗೊತ್ತಿದ್ದವರು ಮೂವರು. ಈಗ ಇಬ್ಬರು.

"ನಮ್ಮದಲ್ಲದ್ದು ಮನೇಲಿದ್ರೆ?" ಎಂದು ಕೇಳಿದೆ.

"ಅದನ್ನೂ ಬರೀಬೇಕು. ಇಂಥವರದ್ದು ಅಂತ. ಕೋರ್ಟು ನೇಮಿಸಿದ ಅಧಿಕಾರಿ ಪುರಾವೆ ಕೇಳ್ತಾನೆ. ಇದೆಯಾ?"

"ಬಣ್ಣ ಇತ್ತು."

"ಬಣ್ಣ?"

"ಈಗಿಲ್ಲ."

ಅವರು ಕನ್ನಡಕ ತೆಗೆದರು. "ನೋಡಿ, ಏನು ವಿಷಯ ಅಂತ ನಾನು ಕೇಳಲ್ಲ. ಕೊನೇ ಪುಟದಲ್ಲಿ ನೀವು ಪ್ರಮಾಣ ಮಾಡಿ ಸಹಿ ಹಾಕ್ತೀರಿ. ಬೇರೆಯವರ ವಸ್ತು ನಿಮ್ಮದು ಅಂತ ಬರೆದ್ರೂ ಸುಳ್ಳೇ, ಮಾರಿ ಬಾಯಿ ಮುಚ್ಕೊಂಡ್ರೂ ಸುಳ್ಳೇ. ಸಿಕ್ಕಿಬಿದ್ರೆ ಅರ್ಜಿಯೇ ಹೋಗುತ್ತೆ."

"ಸಿಕ್ಕಿಬೀಳದಿದ್ರೆ?"

"ಆ ಪ್ರಶ್ನೆ ನನಗೆ ಕೇಳಿಸಲಿಲ್ಲ."

ಎದ್ದು ಬಾಗಿಲ ಹತ್ತಿರ ಬಂದ ಮೇಲೆ, ವಕೀಲರಿಲ್ಲದೆ ಅರ್ಜಿ ಹಾಕಬಹುದಾ ಎಂದು ಕೇಳಿದೆ.

"ಹಾಕಬಹುದು. ಕೋರ್ಟಿನ ಶುಲ್ಕ ಕಂತಲ್ಲಿ ಕಟ್ಟೋಕೂ ಬಿಡ್ತಾರೆ. ಆದ್ರೆ ಹಾಗೆ ಹೋದವರಲ್ಲಿ ಮುಕ್ಕಾಲು ಜನ ಮಧ್ಯದಲ್ಲೇ ಮುಗ್ಗರಿಸ್ತಾರೆ. ಒಂದು ಕಾಗದ ತಪ್ಪಿದ್ರೆ ಸಾಕು, ಮನೆ ಮತ್ತೆ ಮೆಟ್ಟಿಲ ಮೇಲೆ." ಸ್ವಲ್ಪ ಮೆತ್ತಗಾದರು. "ಏನಾದ್ರೂ ಮಾರಿ ಬನ್ನಿ."

ಸಂಜೆ ಅತ್ತೆ ಬಂದರು. ಜೊತೆಗೆ ಎಮೆಟ್‌ನ ಚಿಕ್ಕಪ್ಪನ ಮಗ ಡ್ವೈಟ್. ಅತ್ತೆ ಲವೀನಾ ಮೇಜಿನ ಮುಂದೆ ಕೂತು ಕೈಚೀಲದಿಂದ ವಾರಪತ್ರಿಕೆಯ ತುಣುಕೊಂದನ್ನು ತೆಗೆದರು. ಎಮೆಟ್‌ನ ಸಾವಿನ ಸುದ್ದಿ. ಬೈಬಲ್‌ನಲ್ಲಿ ಇಡಲು ಅಂಚು ನೇರವಾಗಿ ಕತ್ತರಿಸಿದ್ದರು. ನಾನು ತಿರುಗಿಸಿದೆ. ಹಿಂಬದಿಯಲ್ಲಿ ನಮ್ಮ ಮನೆಯ ಹರಾಜಿನ ನೋಟೀಸು ಇತ್ತು. ಎರಡೂ ಒಂದೇ ಹಾಳೆಯ ಎರಡು ಮಗ್ಗುಲು. ಅತ್ತೆ ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮತ್ತೆ ಎಮೆಟ್ ಮೇಲೆ ಬರುವಂತೆ ಇಟ್ಟರು.

"ಪ್ರೂಯಿಟ್ ಆಫೀಸಿಗೆ ಹೋಗಿದ್ದೆಯಂತೆ."

"ಹೌದು ಅತ್ತೆ."

"ಸ್ಟ್ಯಾಂಪರ್ ಮನೇಲಿ ಇವತ್ತಿನವರೆಗೂ ಯಾರೂ ದಿವಾಳಿ ಎದ್ದಿಲ್ಲ ಮಾರ್ಲಾ. ಪೇಪರಲ್ಲಿ ಬಂದ್ರೆ ನಾನು ಚರ್ಚಿಗೆ ಹೇಗೆ ಕಾಲಿಡಲಿ?"

"ಹರಾಜು ಅಂತ ಆಗಲೇ ಬಂದಿದೆಯಲ್ಲ."

"ಅದು ಬ್ಯಾಂಕಿನವರ ನಾಚಿಕೆಗೇಡು. ಇದು ನಮ್ಮದು."

ಡ್ವೈಟ್ ಬಾಗಿಲಿಗೆ ಒರಗಿ ನಿಂತಿದ್ದ. "ದೊಡ್ಡಮ್ಮ, ಮನೆ ಉಳಿಯೋದಾದ್ರೆ ನಾಚಿಕೆ ಏನು ಬಂತು. ಫೀಸಿಗೆ ದುಡ್ಡಿಲ್ಲ, ಅಷ್ಟೇ ತಾನೇ ಅತ್ತಿಗೆ? ಕೊಟ್ಟಿಗೇಲಿ ಎಮೆಟ್ ಮಷೀನು ಸುಮ್ನೆ ತುಕ್ಕು ಹಿಡೀತಿದೆ. ನಾನು ತಗೋತೀನಿ. ನಾಳೆ ಬಾ ನಾಡಿದ್ದು ಬಾ ಅನ್ನೋ ಪೈಕಿ ಅಲ್ಲ ನಾನು."

"ಯೋಚನೆ ಮಾಡ್ತೀನಿ."

"ಮಾಡಿ. ಶುಕ್ರವಾರದವರೆಗೂ ಟೈಮಿದೆ ನಿಮಗೆ." ನಕ್ಕ. ಅತ್ತೆ ಅವನನ್ನು ದುರುಗುಟ್ಟಿ ನೋಡಿದ ಮೇಲೆ ನಗು ನಿಲ್ಲಿಸಿದ. ಜಾಕೆಟ್ಟಿನೊಳಗಿಂದ ಲಕೋಟೆ ತೆಗೆದು ಉಪ್ಪಿನ ಡಬ್ಬಿಯ ಕೆಳಗೆ ಸಿಕ್ಕಿಸಿದ. "ಇದು ಇಲ್ಲೇ ಇರಲಿ. ಬುಧವಾರ ಬಂದು ಎಳ್ಕೊಂಡು ಹೋಗ್ತೀನಿ."

"ಅದರ ಕಾಗದ ಪತ್ರ ಏನೂ ಇಲ್ಲ ನನ್ನ ಹತ್ರ."

"ಎಮೆಟ್ ಬಣ್ಣ ಇದೆಯಲ್ಲ. ಈ ಕಣಿವೇಲಿ ಇನ್ಯಾವ ರಸೀದಿ ಬೇಕು?"

ಅವರು ಹೋದ ಮೇಲೆ ಲಕೋಟೆ ತೆರೆಯಲಿಲ್ಲ. ಅದರ ದಪ್ಪ ನೋಡಿದರೆ ಸಾಕಿತ್ತು. ಉಪ್ಪು ಬೇಕಾದಾಗ ಡಬ್ಬಿ ಎತ್ತಲಾಗದೆ ಸಪ್ಪೆಯನ್ನೇ ತಿಂದೆ.

ಮಂಗಳವಾರ ಬೆಳಿಗ್ಗೆ ಸಾಲದ ಪಾಠ. ದಿವಾಳಿ ಅರ್ಜಿಗೆ ಮೊದಲು ಪ್ರತಿಯೊಬ್ಬರೂ ಸಲಹೆಗಾರರೊಬ್ಬರ ಜೊತೆ ಫೋನಿನಲ್ಲಿ ಮಾತಾಡಿ ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದೆ ಕೋರ್ಟು ಅರ್ಜಿ ಮುಟ್ಟುವುದಿಲ್ಲ. ನನಗೆ ಸಿಕ್ಕ ಹೆಂಗಸು ಬೇರೆ ಯಾವುದೋ ರಾಜ್ಯದವಳು. ದನಿಯಲ್ಲಿ ಸಕ್ಕರೆ ಹೆಚ್ಚಿತ್ತು.

"ಮೊದಲು ತಿಂಗಳ ಖರ್ಚು ನೋಡೋಣ್ವಾ? ದಿನಸಿ, ಊಟ. ಇದರಲ್ಲಿ ಎಲ್ಲಾದ್ರೂ ಕಡಿಮೆ ಮಾಡಬಹುದು ಅನ್ಸುತ್ತಾ?"

"ಊಟಕ್ಕೆ ಖರ್ಚಿಲ್ಲ."

"ಏನೂ ಇಲ್ವಾ?"

"ಫ್ರಿಡ್ಜ್ ತುಂಬ ಸಾವಿನ ಊಟ ಇದೆ."

ಕೀಲಿಮಣೆ ಒತ್ತುವ ಸದ್ದು ನಿಂತಿತು. ಮತ್ತೆ ಶುರುವಾಯಿತು. "ಮನೆಯಲ್ಲಿ ಎಷ್ಟು ಜನ ಅಂತ ಹಾಕಲಿ? ಇಲ್ಲಿ ಇಬ್ಬರು ಅಂತಿದೆ. ನೀವೇ ತುಂಬಿದ್ದು, ಹೋದ ತಿಂಗಳು."

ಎಮೆಟ್ ಆಗ ಆಸ್ಪತ್ರೆಯಲ್ಲಿದ್ದ. ಆದರೂ ಇಬ್ಬರು.

"ಮೇಡಂ? ಬದಲಾಯಿಸಲಾ?"

ನಾನು ಫೋನನ್ನು ಸಿಂಕಿನಲ್ಲಿಟ್ಟೆ. ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಕೂತೆ. ಸ್ಟೀಲಿನ ಸಿಂಕಿನೊಳಗಿಂದ ಅವಳ ದನಿ ದೊಡ್ಡದಾಗಿ, ಟೊಳ್ಳಾಗಿ ಬರುತ್ತಿತ್ತು. ಮೇಡಂ, ಲೈನಲ್ಲಿದ್ದೀರಾ. ಎದ್ದು ಫೋನು ತೆಗೆದುಕೊಂಡೆ.

"ಒಬ್ಬಳು ಅಂತ ಹಾಕಿ."

ಪ್ರಮಾಣಪತ್ರ ಬಂತು. ಅದರಲ್ಲಿ ನನ್ನ ಹೆಸರಿನ ಸುತ್ತ ಬಳ್ಳಿಯ ಅಲಂಕಾರವಿತ್ತು, ಏನೋ ಗೆದ್ದವರಿಗೆ ಕೊಡುವ ಹಾಗೆ.

ಆಮೇಲೆ ಉಳಿದ ಊಟವನ್ನು ಡಬ್ಬಿಗಳಿಗೆ ಸುರಿದು, ಪಾತ್ರೆಗಳನ್ನೆಲ್ಲ ತೊಳೆದು, ಪಿಕಪ್‌ನಲ್ಲಿಟ್ಟುಕೊಂಡು ಮನೆಮನೆಗೆ ಕೊಟ್ಟು ಬಂದೆ. ಹೆಂಗಸರು ಬಾಗಿಲಲ್ಲೇ ನನ್ನ ಮುಂಗೈ ಹಿಡಿದರು. ಯಾರೂ ಹರಾಜಿನ ಮಾತೆತ್ತಲಿಲ್ಲ. ಎಲ್ಲರೂ ಅದನ್ನು ಓದಿದ್ದರು. ಕೊನೆಗೆ ಉಳಿದದ್ದು ಕಬ್ಬಿಣದ ಪಾತ್ರೆ.

ಹರ್ಷೆಲ್ ಮಾವನ ಮನೆ ದಾರಿಯ ಕೊನೆಯ ತಿರುವಿನಾಚೆ. ತಿರುವಿನಲ್ಲೇ ಬ್ರೇಕು ಒತ್ತಿದೆ. ಅವರ ಕೊಟ್ಟಿಗೆಯ ಗೋಡೆಗೆ ಗೇಟುಗಳನ್ನು ಒರಗಿಸಿಟ್ಟಿದ್ದರು. ದನದ ಬೇಲಿಯ ಕಬ್ಬಿಣದ ಗೇಟುಗಳು, ಒಂದರ ಮೇಲೊಂದು. ಕೆಲವಕ್ಕೆ ಕೀಲು ಮುರಿದಿತ್ತು, ಕೆಲವಕ್ಕೆ ಅಡ್ಡಪಟ್ಟಿ ಬಿಟ್ಟಿತ್ತು. ಒಂದೊಂದಕ್ಕೂ ಅದರದರ ಮನೆಯ ಬಣ್ಣ. ಕೆಂಪು, ನೀಲಿ, ಬಿಳಿ, ಕಿತ್ತಳೆ. ಹಿಂದಿನವುಗಳ ಬುಡದಲ್ಲಿ ಹುಲ್ಲು ಎದೆಮಟ್ಟ ಬೆಳೆದು ಒಣಗಿ ನಿಂತಿತ್ತು. ಹಗ್ಗ ಕಟ್ಟಿ ಮುಚ್ಚಿದ ಬೇಲಿಗಳನ್ನು ಕಣಿವೆಯುದ್ದಕ್ಕೂ ನೋಡುತ್ತಲೇ ಬಂದಿದ್ದೆ. ಗೇಟು ಎಲ್ಲಿ ಹೋಯಿತು ಎಂದು ಯೋಚಿಸಿರಲಿಲ್ಲ.

ಗೇಟು ಬೆಸೆದು ಬದುಕುವ ಮನುಷ್ಯ. ಮಷೀನು ಇಲ್ಲ. ಬಂದ ಕೆಲಸವನ್ನು ಬೇಡ ಅನ್ನದೆ ಒರಗಿಸಿಟ್ಟುಕೊಂಡಿದ್ದರು. ಮಷೀನು ಎಲ್ಲಿ ಎಂದು ಯಾರಿಗೂ ಹೇಳಿರಲಿಲ್ಲ. ಕಾಯಿಲೆಯ ಮನೆಗೆ ಹೋಗಿ ಕೊಟ್ಟದ್ದನ್ನು ಕೇಳುವವರು ಇಲ್ಲಿ ಯಾರೂ ಇಲ್ಲ. ಸಾವಿನ ಮನೆಗಂತೂ ಬೀನ್ಸ್ ಬೇಯಿಸಿಕೊಂಡು ಹೋಗುತ್ತಾರೆ.

ಪಾತ್ರೆ ಕೊಡದೆ ಗಾಡಿ ತಿರುಗಿಸಿದೆ.

ಮನೆಗೆ ಬಂದು ಅರ್ಜಿಯ ಕಟ್ಟು ಬಿಡಿಸಿದೆ. ಬ್ಯಾಂಕು, ಆಸ್ಪತ್ರೆ, ಇನ್ನೊಂದು ಆಸ್ಪತ್ರೆ, ಆಂಬುಲೆನ್ಸಿನವರು. ಓದಿದವಳು, ತುಂಬುವುದು ಕಷ್ಟವಾಗಲಿಲ್ಲ. ಬೇರೆಯವರ ಸ್ವತ್ತು ನಿಮ್ಮ ವಶದಲ್ಲಿದೆಯೇ ಎಂಬಲ್ಲಿ ಪೆನ್ನು ನಿಂತಿತು. ಎದುರಿಗೆ ಉಪ್ಪಿನ ಡಬ್ಬಿ, ಕೆಳಗೆ ಲಕೋಟೆ. ಇಲ್ಲ ಎಂದು ಬರೆದರೆ ಮುಗಿಯುತ್ತಿತ್ತು. ಲಕೋಟೆ ಪ್ರೂಯಿಟ್ ಕೈಗೆ ಹೋಗುತ್ತಿತ್ತು, ಅವರು ಒಂದು ಕಾಗದವೂ ತಪ್ಪದ ಹಾಗೆ ನೋಡಿಕೊಳ್ಳುತ್ತಿದ್ದರು, ನಾನು ಈ ಅಡುಗೆಮನೆಯಲ್ಲೇ ಇರುತ್ತಿದ್ದೆ. ಈ ಕಿಟಕಿಯ ಚೌಕಟ್ಟನ್ನು ಎಮೆಟ್ ಮೂರು ಸಲ ಕಿತ್ತು ಮೂರು ಸಲ ಕೂರಿಸಿದ್ದಾನೆ. ಇನ್ನೂ ಸ್ವಲ್ಪ ಓರೆ ಇದೆ. ಅದನ್ನು ಬೇರೆ ಯಾರೋ ಕೊಂಡು ನೇರ ಮಾಡಿಸುತ್ತಾರೆ ಎಂಬುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಆ ಜಾಗ ಖಾಲಿ ಬಿಟ್ಟು ಎದ್ದೆ.

ಬುಧವಾರ ಡ್ವೈಟ್ ಬರುವ ಮೊದಲೇ ಪಿಕಪ್ಪನ್ನು ಕೊಟ್ಟಿಗೆಗೆ ಹಿಮ್ಮುಖವಾಗಿ ತಂದೆ. ಟ್ರೇಲರ್ ಕೊಕ್ಕೆಗೆ ಸಿಕ್ಕಿಸುವುದನ್ನು ನೋಡಿದ್ದೆ, ಮಾಡಿರಲಿಲ್ಲ. ನಾಲ್ಕನೇ ಸಲ ಸರಿಯಾಗಿ ಕೂತಿತು. ಎಮೆಟ್‌ನ ಕೋಟು ಹಾಕಿಕೊಂಡಿದ್ದೆ. ಅದರ ತೋಳಿಗೆ ಗ್ರೀಸು ಮೆತ್ತಿತು.

ಡ್ವೈಟ್‌ನ ಮನೆ ದಾರಿಯಲ್ಲೇ. ಅವನು ಅಂಗಳದಲ್ಲಿ ಕಾಫಿ ಕುಡಿಯುತ್ತ ನಿಂತಿದ್ದ. ಟ್ರೇಲರ್ ನೋಡಿ ಮುಖ ಅರಳಿತು.

"ನೀವೇ ತಂದ್ಬಿಟ್ರಾ? ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ."

ಇಂಜಿನ್ ಆರಿಸದೆ ಕಿಟಕಿಯಿಂದ ಲಕೋಟೆ ಚಾಚಿದೆ. "ಇದು ನಿಮ್ಮದು. ಮಷೀನು ಹರ್ಷೆಲ್ ಮಾವನದು."

"ಯಾರು ಹೇಳಿದ್ದು?"

"ಎಮೆಟ್."

"ಎಮೆಟ್ ಇನ್ನು ಬಂದು ಹೇಳಲ್ಲ ಅತ್ತಿಗೆ."

"ಅದಕ್ಕೇ ನಾನು ಹೇಳ್ತಿದ್ದೀನಿ."

ಅವನು ಲಕೋಟೆ ತೆಗೆದುಕೊಳ್ಳದೆ ನನ್ನನ್ನೇ ನೋಡಿದ. "ಮನೆ ಹೋಗುತ್ತೆ, ಗೊತ್ತಲ್ಲ? ಆ ಮುದುಕ ಎರಡು ಚಳಿಗಾಲ ನೋಡ್ತಾನೋ ಇಲ್ವೋ. ನಿಮಗಿನ್ನೂ ಬದುಕಿದೆ."

ಲಕೋಟೆಯನ್ನು ಅವನ ಕಾಫಿ ಲೋಟದ ಮೇಲಿಟ್ಟು ಗಾಡಿ ಬಿಟ್ಟೆ. ಆ ಏರಿನಲ್ಲಿ ಟ್ರೇಲರ್ ಹಿಂದಕ್ಕೆ ಜಗ್ಗುತ್ತಿತ್ತು.

ಹರ್ಷೆಲ್ ಮಾವ ಜಗುಲಿಯಿಂದ ಇಳಿದು ಬಂದರು. ಗಣಿಯ ಧೂಳು ಕೂತ ಎದೆ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾರೆ. ಮೊದಲು ಪಾತ್ರೆ ಕೊಟ್ಟೆ. ಒಳಗೆ ನೋಡಿದರು.

"ಪೂರ್ತಿ ತಿಂದ್ಯಾ?"

"ತಿಂದೆ."

"ಉಪ್ಪು ಕಮ್ಮಿ ಆಗಿತ್ತು."

"ಹೌದು."

ಪಾತ್ರೆ ಹಿಡಿದುಕೊಂಡೇ ಮಷೀನಿನ ಸುತ್ತ ಒಂದು ಸುತ್ತು ಬಂದರು. ಹಸಿರಿನ ಮೇಲೆ ಅಂಗೈ ಎಳೆದರು.

"ನಾನೂ ಚಿಕ್ಕವನಿದ್ದಾಗ ಬೇರೆಯವರ ಮಷೀನಿಗೆ ನನ್ನ ಬಣ್ಣ ಹಚ್ಕೊಂಡು ಕೆಲಸಕ್ಕೆ ಹೋಗಿದ್ದೆ ಕಣಮ್ಮ. ಆದ್ರೆ ಒಂದೇ ಕೋಟು ಬಣ್ಣ. ನಿನ್ನ ಗಂಡ ಎರಡು ಕೋಟು ಹಚ್ಚಿದಾನೆ. ಹಾಳಾದವನು, ಏನು ಮಾಡಿದ್ರೂ ಅಚ್ಚುಕಟ್ಟು."

"ಹಳದಿ ಹಚ್ಚಿ ಕೊಡಬೇಕು ಅಂತಿದ್ದ."

"ಅಂತಿದ್ನಾ?"

"ಆಸ್ಪತ್ರೇಲೂ ಅಂದಿದ್ದ."

ಅವರು ತಲೆಯಾಡಿಸಿದರು. "ಡ್ವೈಟ್ ಕೊಳ್ತೀನಿ ಅಂದ್ನಂತೆ."

"ಅಂದ."

"ಎಷ್ಟಕ್ಕೆ?"

"ನಾನು ಎಣಿಸಲಿಲ್ಲ."

"ಕಮ್ಮಿನೇ ಇರುತ್ತೆ ಬಿಡು. ಅವನ ಅಪ್ಪನೂ ಹಂಗೇ." ಟ್ರೇಲರಿನ ಕಾಲು ಇಳಿಸಿ ಹಿಡಿ ತಿರುಗಿಸತೊಡಗಿದರು. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಉಸಿರು ಕಟ್ಟಿತು. ನಾನು ತಿರುಗಿಸಿದೆ. ಕೊಕ್ಕೆ ಬಿಟ್ಟ ಕೂಡಲೇ ಪಿಕಪ್ಪಿನ ಹಿಂಭಾಗ ಮೇಲೆದ್ದಿತು.

"ಮನೆ ಗತಿ?" ಎಂದರು.

"ಶುಕ್ರವಾರ ಹರಾಜು. ನಾಳೆ ನಾನೇ ಅರ್ಜಿ ತಗೊಂಡು ಕೋರ್ಟಿಗೆ ಹೋಗ್ತೀನಿ. ವಕೀಲರಿಲ್ಲ."

"ಆಗುತ್ತಾ?"

"ಗೊತ್ತಿಲ್ಲ ಮಾವ. ಆಗಲ್ಲ ಅಂತಾರೆ."

ಆಗುತ್ತೆ ಬಿಡು ಎಂದು ಅವರು ಹೇಳಲಿಲ್ಲ. ದೇವರಿದ್ದಾನೆ ಎಂದೂ ಹೇಳಲಿಲ್ಲ. ಒರಗಿಸಿಟ್ಟ ಗೇಟುಗಳ ಕಡೆ ನೋಡಿದರು, ಯಾವುದರಿಂದ ಶುರು ಮಾಡುವುದು ಎಂದು ಲೆಕ್ಕ ಹಾಕುವವರಂತೆ. ಆಮೇಲೆ ಪಾತ್ರೆಯನ್ನು ಮಷೀನಿನ ಮೇಲಿಟ್ಟು, ಇಂಜಿನ್ನಿನ ಮುಚ್ಚಳ ತೆರೆದು ಒಳಗೆ ಬಗ್ಗಿದರು.

ಪಿಕಪ್ ಹತ್ತಿ ಬೀಗದ ಕೈಗಾಗಿ ಕೋಟಿನ ಜೇಬಿಗೆ ಕೈ ಹಾಕಿದೆ. ಬೀಗದ ಕೈಯ ಜೊತೆ ಟ್ರೇಲರಿನ ಕೊಕ್ಕೆಗೆ ಹಾಕುವ ಪಿನ್ನು ಸಿಕ್ಕಿತು. ಬಿಚ್ಚುವಾಗ ಜೇಬಿಗೆ ಹಾಕಿಕೊಂಡಿದ್ದೆ. ಬೆರಳುದ್ದದ ಕಬ್ಬಿಣ, ತುದಿಯಲ್ಲಿ ಉಂಗುರ. ಉಂಗುರದ ಒಳಮೈಯಲ್ಲಿ ಹಳದಿ ಹಾಗೇ ಇತ್ತು. ಎಮೆಟ್‌ನ ಬ್ರಶ್ಶು ಅಲ್ಲಿಗೆ ಹೋಗಿರಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ. ಅವನ ಜೇಬಿನಲ್ಲಿದ್ದು ಬೆಚ್ಚಗಾಗಿತ್ತು.

ಇಳಿದು ಹೋದೆ. ಹರ್ಷೆಲ್ ಮಾವ ಬಗ್ಗಿದಲ್ಲಿಂದಲೇ, ತಲೆ ಎತ್ತದೆ, ಕೈ ಹಿಂದಕ್ಕೆ ಚಾಚಿದರು. ಆ ಅಂಗೈಯಲ್ಲಿ ಪಿನ್ನು ಇಟ್ಟೆ.